ಟ್ಯಾಂಕಿಯ ತುದಿಯಲ್ಲಿ ನನ್ನ ಹೆಸರು

ಬಾಲ್ಯದ ಸಾಹಸಗಳನ್ನು ಮಕ್ಕಳಿಗೆ ಹೇಳುವಾಗ ಸ್ವಲ್ಪ ಉಪ್ಪುಖಾರ ಹಚ್ಚದ ತಂದೆ ಯಾರಿದ್ದಾರೆ ಹೇಳಿ? ನಾನು ಹಚ್ಚಿದ್ದು ಸ್ವಲ್ಪವಲ್ಲ, ಅಷ್ಟೇ ನನ್ನ ತಪ್ಪು. ಠಾಣೆಯ ವರ್ತಕ ನಗರದಲ್ಲಿ ನಾವಿದ್ದ ಕಾಲೊನಿಯ ಹಿಂದೆ ಎತ್ತರದ ನೀರಿನ ಟ್ಯಾಂಕಿ ಇತ್ತು. ರಿಕ್ಷಾದವರಿಗೂ ಉಡುಪಿಯಿಂದ ಬರುವ ನೆಂಟರಿಗೂ ಅದೇ ಗುರುತು. ಹತ್ತು ವರ್ಷದವನಿದ್ದಾಗ ಅದರ ತುದಿಗೆ ಹತ್ತಿ, ಮೊಳೆಯಿಂದ ಕನ್ನಡದಲ್ಲಿ ಹೆಸರು ಕೆತ್ತಿ ಬಂದೆನೆಂದು ಮಗಳು ಶ್ರಾವ್ಯಳಿಗೆ ಎಷ್ಟು ಸಲ ಹೇಳಿದ್ದೇನೋ! ನಿಜ ಹೇಳುತ್ತೇನೆ: ಏಳನೇ ಮೆಟ್ಟಿಲಿಗೇ ಕೈಕಾಲು ನಡುಗಿ, ಅಕ್ಕ ಬಂದು ಇಳಿಸಿಕೊಂಡಿದ್ದಳು. ಆದರೂ ಗೆಳೆಯರ ಮುಂದೆ ಕೊಚ್ಚಿಕೊಂಡೆ. "ನಾಳೆ ನಾನೇ ಹತ್ತಿ ನೋಡ್ತೇನೆ" ಎಂದು ಹೆದರಿಸಿದ ದೊಡ್ಡ ಹುಡುಗನೊಬ್ಬ ಮರುದಿನ ಬಂದು ನನ್ನ ಬೆನ್ನು ತಟ್ಟಿದ. ಅವನೂ ಅರ್ಧಕ್ಕೇ ಇಳಿದಿರಬೇಕೆಂದು ನಾನು ಸುಮ್ಮನಾದೆ.

ಈಗ ಆ ಟ್ಯಾಂಕಿ ಕೆಡವುತ್ತಾರೆಂಬ ಸುದ್ದಿ ಬಂದದ್ದೇ, ಹೆಸರು ನೋಡಲೇಬೇಕೆಂದು ಶ್ರಾವ್ಯ ಹಟ ಹಿಡಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಒಂದು ವಾಕ್ಯವಾದರೂ ಕನ್ನಡದಲ್ಲಿ ಹೇಳು ಮಾರಾಯ್ತಿ" ಎಂದು ಹನ್ನೆರಡು ವರ್ಷದಿಂದ ಗೋಗರೆಯುತ್ತಿದ್ದೇನೆ.

ಸುತ್ತ ಎದ್ದ ಕಟ್ಟಡಗಳ ನಡುವೆ ಟ್ಯಾಂಕಿ ಕುಳ್ಳಗೆ ನಿಂತಿತ್ತು. ತುದಿಯಲ್ಲಿದ್ದ ಕೆಲಸಗಾರ ಕೆಳಗಿನವನೊಂದಿಗೆ ವಿಜಯಪುರದ ಕನ್ನಡದಲ್ಲಿ ಕೂಗಾಡುತ್ತಿದ್ದ. "ಮಳೆಗೆ ಅಳಿಸಿ ಹೋಗಿರ್ತದೆ ಮಗಾ" ಎಂದು ನಾನು ಪೀಠಿಕೆ ಹಾಕುವಷ್ಟರಲ್ಲಿ ಇವಳು, "ಭಯ್ಯಾ, ಊಪರ್ ಪಪ್ಪಾ ಕಾ ನಾಮ್ ಹೈ ಕ್ಯಾ? ಸುಧಾಕರ್!" ಎಂದು ಕೂಗಿಯೇಬಿಟ್ಟಳು.

"ಐತ್ರೀ! ಕನ್ನಡದಾಗ ಬರದಾರ!"

ಬರೆಯದ ಹೆಸರು ಅಲ್ಲಿಗೆ ಹೇಗೆ ಬಂತು? ಆಗ ಇಡೀ ಕಾಲೊನಿಯಲ್ಲಿ ಕನ್ನಡ ಬರೆಯಬಲ್ಲ ಮಕ್ಕಳು ಇಬ್ಬರೇ, ನಾನು ಮತ್ತು ಅಕ್ಕ.

"ಓದ್ಲೇನ್ರೀ?" ಎಂದವನು ನಾನು ಬೇಡ ಎನ್ನುವ ಮೊದಲೇ ಓದಿದ: "ಹತ್ತಿದ್ದು ಸುಧಾಕರ ಅಲ್ಲ. ಅವನ ಅಕ್ಕ."

ನಿಂತಲ್ಲಿಂದಲೇ ಡೊಂಬಿವಲಿಯ ಅಕ್ಕನಿಗೆ ಫೋನ್ ಮಾಡಿದೆ. "ಆ ಹುಡುಗ ಹತ್ತಿ ನೋಡಿದರೆ ನಿನ್ನ ಮರ್ಯಾದೆ ಹೋಗ್ತದೆ ಅಂತ ಅವತ್ತು ಸಂಜೆಯೇ ಹತ್ತಿದ್ದು ಮಾರಾಯ. ಅವನಿಗೆ ಕನ್ನಡ ಅಕ್ಷರ ಕಂಡರೆ ಸಾಕಿತ್ತು, ಓದ್ಲಿಕ್ಕೆ ಎಲ್ಲಿ ಬರ್ತದೆ? ಮತ್ತೆ ನಾನ್ಯಾಕೆ ಸುಳ್ಳು ಬರೆಯುವುದು?"

ಇಷ್ಟು ವರ್ಷ ನನ್ನ ಮರ್ಯಾದೆಯನ್ನು ಅಷ್ಟೆತ್ತರದಲ್ಲಿ ಕಾಪಾಡಿದವಳಿಗೆ ಒಂದು ಮೆಚ್ಚುಗೆಯ ಮಾತನ್ನೂ ಹೇಳದೆ ಫೋನ್ ಇಟ್ಟೆ.

ಶ್ರಾವ್ಯ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಿಧಾನವಾಗಿ ಹೇಳಿದಳು: "ಪಪ್ಪಾ, ನೀವು ಸುಳ್ಳು ಹೇಳಿದ್ದು."

ಅವಳ ಬಾಯಿಂದ ಬಂದ ಮೊದಲ ಕನ್ನಡ ವಾಕ್ಯ. ತಿದ್ದಲು ಅದರಲ್ಲಿ ಒಂದು ತಪ್ಪೂ ಇರಲಿಲ್ಲ.