ಮರಕ್ಕೆ ನೂರು

ಭಾನುಪ್ರಿಯ: ಎರಡು ಕೈಯಲ್ಲೂ ಮಿಷಿನ್ ಹಿಡ್ಕೊಂಡ್ರೆ ಮರ ಹಿಡ್ಕೊಳ್ಳೋರು ಯಾರು? ನಾನಾ?

ಮನೋಹರ್: ಕಾಲೈತಲ್ಲ ಕಣೆ.

ಭಾನುಪ್ರಿಯ: ಹೋದ ಶ್ರಾವಣದಲ್ಲಿ ಮುರ್ಕೊಂಡ್ರಲ್ಲ, ಅದೇ ಕಾಲಾ?

ಮನೋಹರ್: ಅದು ಎಡಗಾಲು. ಬಲಗಾಲು ಹಂಗೇ ಐತೆ.

ಮಾಗಡಿ ಬಸ್ ನಿಲ್ದಾಣದ ಹಿಂದೆ ಶಾಹಬಾಜನ ಹಾರ್ಡ್‌ವೇರ್ ಅಂಗಡಿ. ಗಂಡ ಹೆಂಡತಿ ಇಬ್ಬರೂ ಬಂದು ಒಂದು ಗಂಟೆಯಾಗಿದೆ. ಮನೋಹರ್ ಹದಿನೈದು ವರ್ಷ ತೆಂಗಿನ ಮರ ಹತ್ತಿ ಕಾಯಿ ಕೆಡವಿದವನು. ಈಗ ಮನೆ ಮೇಲೆ ಬಾಗಿದ ಕೊಂಬೆ ತೆಗೆಯುವ, ಒಣಗಿದ್ದನ್ನು ಸವರುವ ಕಸುಬಿಗೆ ಇಳಿದಿದ್ದಾನೆ. 'ಮನೋಹರ್ ಟ್ರೀ ಸರ್ಜರಿ' ಎಂದು ಇನ್ನೂರು ಕಾರ್ಡು ಅಚ್ಚು ಹಾಕಿಸಿಯೂ ಆಗಿದೆ. ಕಾರ್ಡು ಬಂತು, ಸಾಮಾನು ಬಂದಿಲ್ಲ. ಸಾಮಾನಿಗೆಂದು ಭಾನುಪ್ರಿಯ ಚೀಟಿ ಎತ್ತಿ ತಂದಿರುವುದು ಇಪ್ಪತ್ತು ಸಾವಿರ. ಅದರಲ್ಲಿ ಮರ ಕೊಯ್ಯುವ ಮಿಷಿನ್ ತಗೊಂಡರೆ ಸೊಂಟದ ಬೆಲ್ಟು, ಹಗ್ಗ, ಹೆಲ್ಮೆಟ್ಟು ಬರುವುದಿಲ್ಲ. ಅವನ್ನು ತಗೊಂಡರೆ ಮಿಷಿನ್ ಬರುವುದಿಲ್ಲ. ಜಗಳ ಇಷ್ಟೇ, ಆದರೆ ಇಷ್ಟಕ್ಕೇ ಅಂಗಡಿಯಲ್ಲಿ ಎರಡು ಸಲ ಟೀ ತರಿಸಿಯಾಗಿತ್ತು.

ಮನೋಹರ್: ಬಿಡದಿ ಕಡೆಯಿಂದ ಒಬ್ಬ ಬತ್ತಾನೆ ನೋಡು. ಮಿಷಿನ್ ದಾರ ಎಳೆದು ಬುರ್ರ್ ಅನ್ನಿಸಿದ್ರೆ ಇಡೀ ಊರು ಬಂದು ನಿಂತ್ಕೋತದೆ. ಗಿರಾಕಿ ಬರೋದೇ ಸೌಂಡಿಗೆ ಕಣೆ.

ಭಾನುಪ್ರಿಯ: ಗಿರಾಕಿ ಬಂದೇ ಅವ್ರಲ್ಲ. ಗುಡೇಮಾರನಹಳ್ಳಿ ಸಿದ್ದಮ್ಮನ ಹಲಸಿನ ಕೊಂಬೆ ನಾಳೆ ತೆಗೀಬೇಕು. ಮಿಷಿನ್ ಬುರ್ರ್ ಅಂದ್ರೆ ಕೊಂಬೆ ಎಲ್ಲಿಗೆ ಬೀಳ್ತದೆ?

ಮನೋಹರ್: ಕೆಳಕ್ಕೆ.

ಭಾನುಪ್ರಿಯ: ಕೆಳಗೇನೈತೆ?

ಮನೋಹರ್: (ಸ್ವಲ್ಪ ಯೋಚಿಸಿ) ಮನೆ ಶೀಟು.

ಭಾನುಪ್ರಿಯ: ಶೀಟಿನ ಕೆಳಗೆ?

ಮನೋಹರ್: ಸಿದ್ದಮ್ಮ.

ಭಾನುಪ್ರಿಯ: ಕುಯ್ಯೋಕೆ ಕೈಗರಗಸ ಸಾಕು. ಕುಯ್ದಿದ್ದನ್ನ ಕಟ್ಟಿ ಮೆತ್ತಗೆ ಇಳಿಸ್ಬೇಕಲ್ಲ, ಅದ್ಕೆ ಹಗ್ಗ ಬೇಕು.

ಶಾಹಬಾಜನಿಗೆ ಆ ಮಿಷಿನ್ ಎರಡು ವರ್ಷದಿಂದ ಗಾಜಿನ ಕಪಾಟಿನಲ್ಲಿ ಕೂತಿರುವ ಸಂಕಟ. ದಿನಾ ಬೆಳಿಗ್ಗೆ ಅದರ ಧೂಳು ಹೊಡೆಯುವವನು ಅವನೇ. ಮೆಲ್ಲಗೆ ಬಾಯಿ ಹಾಕಿದ.

ಶಾಹಬಾಜ್: ಭಾನಕ್ಕ, ಕಂಪನಿ ಮಾಲು. ಮಿಷಿನ್‌ಗೆ ಒಂದು ವರ್ಷ ಗ್ಯಾರಂಟಿ ಐತೆ.

ಭಾನುಪ್ರಿಯ: ನಮ್ಮನೆಯವ್ರಿಗೆ ಎಷ್ಟು ವರ್ಷ ಐತೆ ಶಾಹಬಾಜಣ್ಣ?

ಶಾಹಬಾಜ್ ಬಿಲ್ ಪುಸ್ತಕ ತೆರೆದು ಬಹಳ ಮುಖ್ಯವಾದದ್ದೇನೋ ಹುಡುಕತೊಡಗಿದ. ಮನೋಹರ್‌ಗೆ ಬೆಲ್ಟಿನ ಮೇಲೆ ಅಷ್ಟು ಸಿಟ್ಟಿರಲಿಲ್ಲ. ಸಿಟ್ಟೆಲ್ಲ ಕೌಂಟರಿನ ಮೇಲೆ ಕುಂಬಳಕಾಯಿಯ ಹಾಗೆ ಕೂತಿದ್ದ ಹಳದಿ ಹೆಲ್ಮೆಟ್ಟಿನ ಮೇಲೆ.

ಮನೋಹರ್: ಹದಿನೈದು ವರ್ಷ ಬರೀ ತಲೇಲಿ ಹತ್ತಿವ್ನಿ. ಈಗ ಇದನ್ನ ಹಾಕ್ಕೊಂಡು ಹೋದ್ರೆ ಜನ ಏನಂದಾರು? ಮನೋಹರಂಗೆ ಭಯ ಬಂದ್ಬುಟ್ಟೈತೆ ಅಂತಾರೆ.

ಭಾನುಪ್ರಿಯ: ಹೆಂಡ್ತಿಗೆ ಬಂದೈತೆ ಅನ್ನಿ.

ಮನೋಹರ್: ಗಿರಾಕಿನೂ ಓಡೋಯ್ತಾರೆ. ಇಷ್ಟು ವೇಷ ಹಾಕೋನು ದುಡ್ಡೆಷ್ಟು ಕೇಳ್ತಾನೋ ಅಂತ.

ಭಾನುಪ್ರಿಯ: ನೀವು ಬಿದ್ದಾಗ ಎತ್ತೋಕೆ ನಾಕು ಜನ ಬಂದ್ರು. ನೋಡೋಕೆ ನಲವತ್ತು ಜನ ಬಂದ್ರು, ಬಾಳೆಹಣ್ಣು ತಂದ್ರು. ಮೂರು ತಿಂಗಳು ಎತ್ತಿ ಕೂರಿಸಿ, ಮಲಗಿಸಿ ಮಾಡಿದೋಳು ಒಬ್ಳೇ. ನನಗೆ ಇನ್ನೊಂದು ಸಲ ಆಗಕಿಲ್ಲ. ಇಷ್ಟೇ ನನ್ನ ಮಾತು.

ಮನೋಹರ್ ಕಪಾಟಿನ ಗಾಜಿನ ಮೇಲೆ ಬೆರಳಾಡಿಸಿ, ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ ಮಿಷಿನನ್ನು ನೋಡಿ, ಬೆಲ್ಟು ಕಟ್ಟಿಸಪ್ಪ ಎಂದ. ಹಗ್ಗ, ರಾಟೆ, ಕೈಗರಗಸ, ಕಣ್ಣಿನ ಕನ್ನಡಕ, ಹೆಲ್ಮೆಟ್ಟು ಎಲ್ಲ ಸೇರಿ ಹದಿಮೂರು ಸಾವಿರವಾಯಿತು. ಉಳಿದದ್ದು ಭಾನುಪ್ರಿಯಳ ಪರ್ಸಿಗೆ ವಾಪಸ್ಸು ಹೋಯಿತು.

*

ಮರುದಿನ ಗುಡೇಮಾರನಹಳ್ಳಿಗೆ ಹೋಗುವ ಬಸ್ಸಿನಲ್ಲಿ ಭಾನುಪ್ರಿಯ ಗಂಡನಿಗೆ ಪಾಠ ಹೇಳಿಕೊಂಡೇ ಬಂದಳು. ಮೊದಲು ಮರದ ಸುತ್ತ ಒಂದು ಸುತ್ತು ಬರಬೇಕು. ಮೇಲೆ ನೋಡಬೇಕು. ನಿಟ್ಟುಸಿರು ಬಿಡಬೇಕು. ಬಾಯಿ ಮಾತ್ರ ಬಿಡಬಾರದು, ರೇಟು ಹೇಳುವುದು ಅವಳ ಕೆಲಸ. ಮನೋಹರ್ ಎಲ್ಲದಕ್ಕೂ ತಲೆಯಾಡಿಸಿದ.

ಸಿದ್ದಮ್ಮನಿಗೆ ಎಪ್ಪತ್ತು ದಾಟಿದೆ. ಸಂತೆಯಲ್ಲಿ ಆಕೆ ಸೊಪ್ಪಿನ ಮುಂದೆ ಚೌಕಾಸಿಗೆ ಕೂತರೆ ಮಾರುವವಳು ಮೊದಲೇ ಕೈ ಮುಗಿಯುತ್ತಾಳೆ. ಮನೆಯ ಹಿಂದೆ ಭಾರಿ ಹಲಸಿನ ಮರ. ಅದರದೊಂದು ಕೊಂಬೆ ಕಾಯಿ ಹೊತ್ತುಕೊಂಡು ಶೀಟಿನ ಮೇಲೆ ಚಾಚಿದೆ. ಮಳೆಗಾಲದ ಮೊದಲ ಗಾಳಿಗೆ ಅದು ಮುರಿದರೆ ಮನೆ ಉಳಿಯುವುದಿಲ್ಲ. ಕೊಂಬೆ ಹೋಗಬೇಕು, ಮರ ಮಾತ್ರ ಉಳಿಯಬೇಕು, ಅದು ತನ್ನತ್ತೆ ನೆಟ್ಟದ್ದು ಎಂದಳು.

ಮನೋಹರ್ ಸುತ್ತು ಬಂದ. ಮೇಲೆ ನೋಡಿದ. ನಿಟ್ಟುಸಿರನ್ನೂ ಚೆನ್ನಾಗಿಯೇ ಬಿಟ್ಟ.

ಸಿದ್ದಮ್ಮ: ಎಷ್ಟಪ್ಪ?

ಮನೋಹರ್: ಮರಕ್ಕೆ ನೂರು, ದೊಡ್ಡವ್ವ.

ಹದಿನೈದು ವರ್ಷ ತೋಟ ತೋಟದಲ್ಲೂ ಹೇಳಿದ ತೆಂಗಿನ ಮರದ ರೇಟು. ಯಾರೇ 'ಎಷ್ಟು' ಎಂದರೂ ಅವನ ನಾಲಿಗೆ ಅವನನ್ನು ಕೇಳದೆ ಹೇಳಿಬಿಡುತ್ತದೆ. ಭಾನುಪ್ರಿಯ ಕಣ್ಣು ಮುಚ್ಚಿದಳು. ಕಣ್ಣು ಬಿಡುವಷ್ಟರಲ್ಲಿ ಸಿದ್ದಮ್ಮ ಎಲೆಅಡಿಕೆ ಚೀಲದಿಂದ ನೂರರ ನೋಟು ತೆಗೆದಾಗಿತ್ತು.

ಸಿದ್ದಮ್ಮ: ತಗೋ ಮಗ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು.

ಭಾನುಪ್ರಿಯ: ಅದು ತೆಂಗಿನ ಮರದ ರೇಟು ದೊಡ್ಡವ್ವ. ತೆಂಗಿಗೆ ಕೊಂಬೆ ಇರಕಿಲ್ಲ. ಕೊಂಬೆ ಇರೋ ಮರಕ್ಕೆ ಕೊಂಬೆ ಲೆಕ್ಕ. ಒಂದಕ್ಕೆ ಮುನ್ನೂರು.

ಸಿದ್ದಮ್ಮ: ಹಂಗೇ ಆಗ್ಲಿ ಬುಡು. ಇರೋದು ಒಂದು ಕೊಂಬೆ. ಮುನ್ನೂರು.

ಭಾನುಪ್ರಿಯ: ಒಂದೆಲ್ಲೈತೆ? ಆರು.

ಸಿದ್ದಮ್ಮ: ಬುಡ ನೋಡವ್ವ. ಒಂದೇ.

ಭಾನುಪ್ರಿಯ: ಒಸಿ ಮೇಲೆ ನೋಡಿ. ಕವಲೊಡೆದು ಆರಾಗೈತೆ. ಕುಯ್ಯೋದು ಮೇಲಿಂದ.

ಸಿದ್ದಮ್ಮ: ನಮ್ಮ ಮಾವಯ್ಯಂಗೆ ಆರು ಜನ ಮಕ್ಳು. ರೇಷನ್ ಕಾರ್ಡು ಮಾತ್ರ ಒಂದೇ ಇತ್ತು.

ಭಾನುಪ್ರಿಯ: ಊಟಕ್ಕೆ ಕುಂತಾಗ ಎಷ್ಟು ಎಲೆ ಹಾಕ್ತಿದ್ರಿ?

ಸಿದ್ದಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಷ್ಟು ದಿನಕ್ಕೆ ತನ್ನ ಸಮಕ್ಕೆ ನಿಲ್ಲುವವಳೊಬ್ಬಳು ಸಿಕ್ಕಳಲ್ಲ ಎಂದು ಆಕೆಗೆ ಖುಷಿಯೇ ಆಗಿರಬೇಕು, ನಿಂತಿದ್ದವಳು ಕಲ್ಲಿನ ಮೇಲೆ ಕೂತಳು. ಆಮೇಲೆ ನಡೆದದ್ದನ್ನೆಲ್ಲ ಬರೆದರೆ ಕಾಗದ ಸಾಲದು. ಒಂದು ಕವಲು ತೋಳಿನಷ್ಟೂ ದಪ್ಪವಿಲ್ಲ, ಅದು ಕೊಂಬೆಯೇ ಅಲ್ಲ ಎಂದಳು ಸಿದ್ದಮ್ಮ. ಇನ್ನೊಂದು ಅರ್ಧ ಒಣಗಿದೆ, ತಾನಾಗಿಯೇ ಬೀಳುತ್ತಿತ್ತು ಎಂದಳು. ಒಂದು ಗಂಟೆಯ ನಂತರ ಕೊಂಬೆಗಳು ಮೂರೂವರೆ ಎಂದು ತೀರ್ಮಾನವಾಯಿತು. ಸಾವಿರದ ಐವತ್ತು, ಐವತ್ತು ಬಿಟ್ಟು ಸಾವಿರ. ಸೌದೆ ಸಿದ್ದಮ್ಮನಿಗೆ. ಹದಿನಾಲ್ಕು ಹಲಸಿನಕಾಯಿಗಳಲ್ಲಿ ಒಂದೂ ಒಡೆಯಬಾರದು.

ಮನೋಹರ್: (ಹೆಂಡತಿಯ ಕಿವಿಯಲ್ಲಿ) ಅರ್ಧ ಕೊಂಬೆ ಹೆಂಗೆ ಕುಯ್ಲಿ?

ಭಾನುಪ್ರಿಯ: ನೀವು ಸುಮ್ಕೆ ಹೆಲ್ಮೆಟ್ ಹಾಕ್ಕೊಳ್ಳಿ.

ಮನೋಹರ್ ಹಾಕಿಕೊಂಡ. ಸೊಂಟಕ್ಕೆ ಬೆಲ್ಟು, ತೊಡೆಗೆ ಪಟ್ಟಿ, ಎದೆಯ ಮೇಲೆ ಕೊಂಡಿಗಳು, ಕಣ್ಣಿಗೆ ಕನ್ನಡಕ. ಭಾನುಪ್ರಿಯ ಒಂದೊಂದು ಪಟ್ಟಿಯನ್ನೂ ಎಳೆದು ನೋಡಿದಳು. ಸಿದ್ದಮ್ಮನ ಬಾಯಲ್ಲಿದ್ದ ಎಲೆಅಡಿಕೆ ಅಲ್ಲಿಗೇ ನಿಂತಿತು.

ಸಿದ್ದಮ್ಮ: ಏನಪ್ಪ ಇದು?

ಮನೋಹರ್: ಹುಷಾರಿಗೆ ದೊಡ್ಡವ್ವ.

ಸಿದ್ದಮ್ಮ: ಇಷ್ಟು ಅಪಾಯದ ಕೆಲಸನಾ? ಮೊದ್ಲೇ ಯಾಕೆ ಹೇಳ್ಲಿಲ್ಲ? ನಾನು ಬರೀ ಮರ ಹತ್ತೋದು ಅಂದ್ಕೊಂಡಿದ್ದೆ. ಬೇಡ ಕಣಪ್ಪ, ಇಳಿಸು ಅವನ್ನೆಲ್ಲ. ನಾಳೆ ನಿನ್ನ ಹೆಂಡ್ತಿ ನನ್ನ ಬಾಗಿಲಲ್ಲಿ ಕುಂತ್ಕೊಂಡ್ರೆ ನಾನೇನು ಹೇಳ್ಲಿ?

ಮನೋಹರ್ ಮುಖ ಕನ್ನಡಕದ ಒಳಗೇ ಅರಳಿತು.

ಮನೋಹರ್: ನೋಡ್ದಾ ಭಾನು? ನಾನು ಹೇಳ್ಲಿಲ್ವಾ, ಗಿರಾಕಿ ಓಡೋಯ್ತಾರೆ ಅಂತ? ಇಲ್ಲಿ ಗಿರಾಕಿ ತಮ್ಮ ಮನೆಯಿಂದಲೇ ಓಡ್ತಾವ್ರೆ. ದೊಡ್ಡವ್ವ, ಭಯ ಬೀಳಬ್ಯಾಡಿ. ಇದನ್ನೆಲ್ಲ ಬಿಚ್ಚಿಟ್ಟು ಹತ್ತೀನಿ.

ಭಾನುಪ್ರಿಯ: ಬಿಚ್ಚಿ. ನಾನು ಈಗಲೇ ಬಸ್ ಹತ್ತೀನಿ. ಹಗ್ಗ ಹಿಡಿಯೋಕೆ ನಿಮ್ಮ ಬಲಗಾಲಿಗೇ ಹೇಳ್ಕೊಳ್ಳಿ.

ಕೊಂಡಿಯ ಮೇಲಿಟ್ಟ ಕೈಯನ್ನು ಮನೋಹರ್ ತೆಗೆದ. ಭಾನುಪ್ರಿಯ ಸಿದ್ದಮ್ಮನ ಪಕ್ಕ ಕೂತು ತಗ್ಗಿದ ದನಿಯಲ್ಲಿ ಹೇಳಿದಳು: ಮರ ಅಂದಿನಿಂದ ಇಂದಿನವರೆಗೂ ಇಷ್ಟೇ ಅಪಾಯ, ಇದುವರೆಗೆ ಯಾರೂ ಬೆಲ್ಟು ಹಾಕುತ್ತಿರಲಿಲ್ಲವಾದ್ದರಿಂದ ನೋಡುವವರಿಗೆ ಕಾಣುತ್ತಿರಲಿಲ್ಲ. ಸಿದ್ದಮ್ಮ ಒಪ್ಪಿದಳು. ಆದರೆ ತಾನು ನೋಡುವುದಿಲ್ಲವೆಂದು ಮರಕ್ಕೆ ಬೆನ್ನು ಹಾಕಿ ಕೂತಳು.

ಮನೋಹರ್ ಹತ್ತಿ, ಬೆಲ್ಟಿನ ಕೊಂಡಿಯನ್ನು ಮೇಲಿನ ಗಟ್ಟಿ ಕೊಂಬೆಗೆ ಬಿಗಿದುಕೊಂಡು, ಅಲ್ಲಿಗೇ ರಾಟೆ ಕಟ್ಟಿ ಕೊಂಬೆ ಇಳಿಸುವ ಹಗ್ಗ ಹಾಯಿಸಿದ. ಹಗ್ಗದ ಇನ್ನೊಂದು ತುದಿಯನ್ನು ಭಾನುಪ್ರಿಯ ಪಕ್ಕದ ತೆಂಗಿನ ಬುಡಕ್ಕೆ ಎರಡು ಸುತ್ತು ಹಾಕಿ ಹಿಡಿದಳು. ಮೊದಲು ಕಾಯಿಗಳು ಗೋಣಿಚೀಲದಲ್ಲಿ ಒಂದೊಂದಾಗಿ ಇಳಿದವು. ಸಿದ್ದಮ್ಮ ತಿರುಗಿ ನೋಡದೆಯೇ ಸದ್ದಿನಲ್ಲಿ ಹದಿನಾಲ್ಕೂ ಎಣಿಸಿದಳು. ಆಮೇಲೆ ಕೊಂಬೆಗಳು. ಮೊದಲನೆಯದು ಶೀಟಿಗೆ ತಾಗದೆ ಗಾಳಿಯಲ್ಲಿ ತೂಗಾಡಿ ಹಿತ್ತಲಿಗೆ ಬಂದು ಕೂತಿತು. ಎರಡು, ಮೂರು, ನಾಲ್ಕು. ಐದನೆಯದಕ್ಕೆ ಗರಗಸ ಹಾಕಲು ಮನೋಹರ್ ಪಕ್ಕಕ್ಕೆ ಸರಿದ. ಗರಗಸದ ಹೊಟ್ಟು ಬಿದ್ದು ಜಾರುತ್ತಿದ್ದ ತೊಗಟೆಯ ಮೇಲೆ ಅವನ ಬಲಗಾಲು, 'ಹಂಗೇ ಐತೆ' ಎಂದಿದ್ದ ಅದೇ ಕಾಲು, ಜಾರಿಬಿಟ್ಟಿತು.

ಕೆಳಗಿದ್ದವರಿಗೆ ಕೊಂಡಿ ಎಳೆದ ಸದ್ದು ಕೇಳಿಸಿತು. ಸಿದ್ದಮ್ಮ ತಿರುಗಿದಳು. ಮನೋಹರ್ ಶೀಟಿಗಿಂತ ಆಳೆತ್ತರ ಮೇಲೆ, ಸೊಂಟದಿಂದ ನೇತಾಡುತ್ತಾ, ಬುಗುರಿಯ ಹಾಗೆ ನಿಧಾನಕ್ಕೆ ತಿರುಗುತ್ತಿದ್ದ.

ಮನೋಹರ್: ಭಾನು.

ಭಾನುಪ್ರಿಯ: ಹೂಂ.

ಮನೋಹರ್: ಈ ಬೆಲ್ಟಿಗೆ ಎಷ್ಟು ಕೊಟ್ಟೆ?

ಭಾನುಪ್ರಿಯ: ಐದೂವರೆ ಸಾವಿರ.

ಮನೋಹರ್: ಶಾಹಬಾಜ್ ಬಲೇ ಕಮ್ಮಿಗೆ ಕೊಟ್ಟವ್ನೆ ಕಣೆ.

ಭಾನುಪ್ರಿಯಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಎರಡನ್ನೂ ತಡೆದುಕೊಂಡು ಹಗ್ಗ ಸಿಕ್ಕಾಗಿದೆಯೆಂದು ಹಗ್ಗವನ್ನು ಬೈದಳು. ಮನೋಹರ್ ಕೊಂಬೆ ಹಿಡಿದು ಮತ್ತೆ ಕಾಲೂರಿದ. ಉಳಿದ ಎರಡನ್ನೂ ಮುಗಿಸಿ, ಕೊಯ್ದ ಜಾಗವನ್ನು ಮರಕ್ಕೆ ನೋವಾಗದಂತೆ ನುಣ್ಣಗೆ ಸವರಿಯೇ ಇಳಿದ. ಇಳಿದವನ ಎಡಗಾಲನ್ನೂ ಬಲಗಾಲನ್ನೂ ಭಾನುಪ್ರಿಯ ಮುಟ್ಟಿ ನೋಡಿದಳು. ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

ಸಿದ್ದಮ್ಮ ಒಳಗೆ ಹೋಗಿ ಬಂದು ದುಡ್ಡು ಕೊಟ್ಟಳು. ಭಾನುಪ್ರಿಯ ನೋಡಿದರೆ ಸಾವಿರದ ಎಂಟುನೂರು.

ಭಾನುಪ್ರಿಯ: ಜಾಸ್ತಿ ಐತೆ ದೊಡ್ಡವ್ವ. ಮೂರೂವರೆಗೆ ಅಲ್ವಾ ಮಾತು ಆಗಿದ್ದು?

ಸಿದ್ದಮ್ಮ: ಆರು ಕಣವ್ವ. ಅವ್ನು ಅಲ್ಲಿ ತಿರುಗ್ತಾ ಇದ್ನಲ್ಲ, ಆವಾಗ ನಾನೇ ಎಣ್ಸಿದೆ. ಆರೇ ಐತೆ. ಒಂದು ಕಾಯಿನೂ ಎತ್ಕೊಂಡ್ಹೋಗಿ, ಹಣ್ಣಾಯ್ತದೆ.

ಬೇಲಿಯಾಚೆ ಪಕ್ಕದ ಮನೆಯ ಗಂಗಯ್ಯ ಆಗಿನಿಂದ ನಿಂತು ನೋಡುತ್ತಿದ್ದ. ತನ್ನ ಕೊಟ್ಟಿಗೆಯ ಮೇಲೂ ಒಂದು ಮಾವಿನ ಮರ ಬಾಗಿದೆ, ಅದನ್ನೂ ಮಳೆ ಬರುವುದರೊಳಗೆ ಸವರಬೇಕಿತ್ತು ಎಂದ. ಮನೋಹರ್ ಬೇಲಿಯ ಹತ್ತಿರ ಹೋಗಿ, ಮೇಲೆ ನೋಡಿ, ನಿಟ್ಟುಸಿರು ಬಿಟ್ಟ.

ಗಂಗಯ್ಯ: ಎಷ್ಟಾಯ್ತದಪ್ಪ?

ಮನೋಹರ್: ಮರಕ್ಕೆ ನೂ...

ಭಾನುಪ್ರಿಯ ಹಿಂದಿನಿಂದ ಬಂದು ಹೆಲ್ಮೆಟನ್ನು ಗಂಡನ ತಲೆಯ ಮೇಲೆ ಕೂರಿಸಿ, ಗಲ್ಲದ ಪಟ್ಟಿ ಬಿಗಿದಳು.

ಭಾನುಪ್ರಿಯ: ಹೂಂ. ಈಗ ಹೇಳಿ ರೇಟು.