ಗಲ್ಲಾದಲ್ಲಿ ಕೂತ ರಷ್ಯನ್ ಪಂಡಿತ

ಮುಂಬಯಿಯ ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ ಕೂತು, ಬೆಳಗಿನ ಗಿರಾಕಿಯ ಗದ್ದಲದಲ್ಲಿ ರಷ್ಯನ್ ವ್ಯಾಕರಣ ಓದಿದ್ದೇ ಪ್ರೀತಮ್ ಮಾಡಿದ ತಪ್ಪು. ಹೋಟೆಲಿನ ಯಜಮಾನರೂ ಅವನ ಸೋದರಮಾವನೂ ಆದ ಶೇಖರ ಶೆಟ್ಟರು ನೋಡಿಯೇಬಿಟ್ಟರು.

"ಪುನಃ ಅದೇ ಪುರಾಣವಾ ಮಾರಾಯ? ಅಲ್ಲಿ ಗಿರಾಕಿ ಚಿಲ್ಲರೆಗೆ ಕಾಯ್ತಾ ಇದ್ದಾರೆ!"

"ಮಾವ, ರಷ್ಯನ್ ಕ್ಲಾಸ್ ಮಾರ್ನಿಂಗ್‌ನಲ್ಲೇ ಇರೋದು. ಗಲ್ಲಾಕ್ಕೆ ಬೇರೆ ಯಾರನ್ನಾದ್ರೂ ಕೂರಿಸಿ ನಾ, ಪ್ಲೀಸ್."

"ಮೊದಲು ರಷ್ಯದವರು ಒಬ್ಬರು ಬಂದು ನಿನ್ನ ರಷ್ಯನ್ ಹೇಗುಂಟು ಅಂತ ಹೇಳ್ಲಿ. ಆಮೇಲೆ ನೋಡುವ."

ಪ್ರೀತಮ್‌ನ ಮೈ ಉರಿಯಿತು. ಮುಂಬಯಿಯಲ್ಲೇ ಹುಟ್ಟಿ ಇಂಗ್ಲಿಷಿನಲ್ಲೇ ಬೆಳೆದವನು. ಇಂಗ್ಲಿಷಿನಲ್ಲಿ ಪದ ಇಟ್ಟಲ್ಲಿ ಸುಮ್ಮನೆ ಕೂರುತ್ತದೆ. ಈ ರಷ್ಯನ್ ಪದಗಳೋ, ಮಾತುಮಾತಿಗೂ ಬಾಲ ಬದಲಿಸುತ್ತವೆ. ಲೋಕಲ್ ಟ್ರೈನಿನಲ್ಲಿ ನೇತಾಡುತ್ತ ಆ ಬಾಲಗಳನ್ನೆಲ್ಲ ಬಾಯಿಪಾಠ ಮಾಡಿದವನಿಗೆ ಇದೇನಾ ಮರ್ಯಾದೆ? ಇದನ್ನೆಲ್ಲ ಅವನು ಬಾಯಿಬಿಟ್ಟೇ ಹೇಳಿಕೊಂಡ.

ಒಂದು ಚಹಾಕ್ಕೆ ಅರ್ಧ ದಿನ ಕೂರುವ ವಿಜಯಪುರದ ಮುರಿಗೆಪ್ಪನವರು ಪಕ್ಕದ ಮೇಜಿನಿಂದ ಬಾಯಿ ಹಾಕಿದರು. "ಅದರಾಗೇನೈತೋ ತಮ್ಮಾ? ನಾವೂ ಮನಿ, ಮನ್ಯಾಗ, ಮನಿಂದ ಅಂತೀವಿ. ನೀ ಇಂಗ್ಲಿಷಿನ ಬಾಗಿಲಿಂದ ಯಾಕ ಒಳಗ ಹೊಕ್ಕೀ?"

"ಅಂಕಲ್, ನಿಮಗೆ ಗೊತ್ತಾಗಲ್ಲ!"

ಅಷ್ಟರಲ್ಲಿ ಅವರ ಎದುರಿನ ಕುರ್ಚಿಗೆ ಒಬ್ಬ ವಿದೇಶಿ ಹೆಂಗಸು ಬಂದು ಕೂತರು. ಮುರಿಗೆಪ್ಪನವರು ಬಿಡುತ್ತಾರೆಯೇ? ಕೈಸನ್ನೆಯಲ್ಲೇ ಊರು ವಿಚಾರಿಸಿ ಕೂಗಿದರು, "ಶೆಟ್ಟರ, ಇವ್ರು ರಷ್ಯಾದವ್ರಂತ!"

ಶೆಟ್ಟರು ಅಳಿಯನ ತೋಳು ಹಿಡಿದು ಎಳೆದುಕೊಂಡೇ ಬಂದರು. "ಹೇಳು ಅವರಿಗೆ, ನಮ್ಮ ಸಾಂಬಾರಿಗೆ ಬೆಲ್ಲ ಹಾಕುವುದು ಯಾಕೆ ಅಂತ."

ಪ್ರೀತಮ್ ವಾಕ್ಯವನ್ನು ಮೊದಲು ಇಂಗ್ಲಿಷಿನಲ್ಲಿ ಕಟ್ಟಿ, ಬಿಚ್ಚಿ, ಒಂದೊಂದಕ್ಕೂ ಬಾಲ ಹಚ್ಚತೊಡಗಿದ. ಆಕೆಗೆ ದೋಸೆ ಬಂತು, ಅರ್ಧ ಮುಗಿಯಿತು. ಕುರ್ಚಿಯ ಹಿಂದೆ ಜಾಗಕ್ಕಾಗಿ ಕಾದು ನಿಂತವನು "ಭಾಯ್, ಜಲ್ದಿ ಕರೋ" ಎಂದು ಗೊಣಗಿದ. ಕೊನೆಗೂ ಪ್ರೀತಮ್ ಬೆವರುತ್ತ ಹೇಳಿ ಮುಗಿಸಿದ.

ಆಕೆ ಚಮಚ ಕೆಳಗಿಟ್ಟು ನಿಧಾನವಾಗಿ ರಷ್ಯನ್‌ನಲ್ಲಿ ಹೇಳಿದರು: "ಮಗು, ನಾನು ಶಾಲೆಯ ಟೀಚರು. ನೀನು ಆಡಿದ್ದು ರಷ್ಯನ್ನೇ ಅಲ್ಲ. ದಿನವೂ ತರಗತಿಗೆ ಹೋಗು. ಇಲ್ಲದಿದ್ದರೆ ನಿನಗೆ ಎಂದೂ ಬರುವುದಿಲ್ಲ."

ಕಲಿಯಲು ಹಿಡಿದಂದಿನಿಂದ ಮೊದಲ ಬಾರಿಗೆ ಅವನಿಗೆ ಪ್ರತಿ ಪದವೂ ಅರ್ಥವಾಯಿತು. ಅದೂ ಎಂಥ ಮಾತು! ಇಡೀ ಹೋಟೆಲು ಅವನ ಬಾಯನ್ನೇ ನೋಡುತ್ತಿತ್ತು.

"ಎಂತ ಹೇಳಿದ್ರು?" ಎಂದರು ಶೆಟ್ಟರು.

"ನನ್ನ ರಷ್ಯನ್ ಎಕ್ದಂ ಫಸ್ಟ್‌ಕ್ಲಾಸ್ ಅಂತೆ ಮಾವ. ಅವರ ಊರಿನ ಮಕ್ಕಳಿಗೂ ಇಷ್ಟು ಬರಲ್ವಂತೆ."

ಗಿರಾಕಿಗಳು ಚಪ್ಪಾಳೆ ತಟ್ಟಿದರು. ಶೆಟ್ಟರ ಕಣ್ಣು ತುಂಬಿ ಬಂತು. "ಅಬ್ಬ, ನಾನು ಸುಮ್ಮನೆ ಹೆದರಿದ್ದೆ. ನಿನಗೆ ಬರುವುದಿಲ್ಲ ಅಂತ ರಷ್ಯದವರು ಯಾರಾದ್ರೂ ಹೇಳಿದ್ರೆ ಕ್ಲಾಸಿಗೆ ಕಳಿಸಲೇಬೇಕು ಅಂತ, ಗಲ್ಲಾಕ್ಕೆ ಬೇರೆ ಜನ ಸಹ ನೋಡಿಟ್ಟಿದ್ದೆ. ಇನ್ನು ಕ್ಲಾಸ್ ಯಾಕೆ? ಎಲ್ಲ ಬರ್ತದಲ್ಲ! ಹೋಗು, ಗಲ್ಲಾದಲ್ಲಿ ಕೂತ್ಕೋ."

"ಮಾವ, ಆಕ್ಚುಲಿ ಅವರು ಹೇಳಿದ್ದು..."

"ಸಾಕು ಬಿಡೋ ತಮ್ಮಾ," ಎಂದರು ಮುರಿಗೆಪ್ಪನವರು, "ಇಷ್ಟು ಶಾಣ್ಯಾ ಇದ್ದಾಂವ ಸಂಕೋಚ ಪಡಬಾರದು."

ಸ್ವಲ್ಪ ಹೊತ್ತಿಗೆ ಆಕೆ ಗಲ್ಲಾದಲ್ಲಿ ಬಿಲ್ಲಿನ ಹಣ ಕೊಟ್ಟು, ಪ್ರೀತಮ್ ಅಂಗೈಗೆ ಎಣಿಸಿಕೊಟ್ಟ ನಾಣ್ಯಗಳನ್ನು ನೋಡಿ ಮತ್ತೇನೋ ಹೇಳಿದರು. ಶೆಟ್ಟರು ಓಡಿ ಬಂದರು. "ಈಗ ಎಂತ ಹೇಳಿದ್ರು?"

ಈ ಸಲ ಪ್ರೀತಮ್ ಒಂದಕ್ಷರವನ್ನೂ ಬದಲಿಸದೆ ಅನುವಾದಿಸಿದ.

"ಚಿಲ್ಲರೆ ಕಮ್ಮಿ ಬಂತಂತೆ."