ಯುಗಾದಿ ಬೆಳಿಗ್ಗೆಯ ತೊಟ್ಟಿ ಲೆಕ್ಕ

ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು ಕಷ್ಟ ಎಂದು ಯಾರಾದರೂ ಅಂದರೆ ನನಗೆ ನಗು ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ನಾನು ಗೊರೂರಿನ ನೀರಾವರಿ ಆಫೀಸಿನಲ್ಲಿ ಗುಮಾಸ್ತ. ದಿನವಿಡೀ ಕೂಡಿ ಕಳೆಯುವವನು! ಹಾಗಾಗಿ ನಮ್ಮ ಇಂಜಿನಿಯರ್ ಸಾಹೇಬರ ಮಗಳು ಮಂಜುಳ ಎಸ್ಸೆಸ್ಸೆಲ್ಸಿ ಪ್ರಿಪರೇಟರಿಯಲ್ಲಿ ಗಣಿತಕ್ಕೆ ಇಪ್ಪತ್ತೆರಡು ತೆಗೆದಳೆಂದು ತಿಳಿದ ಕೂಡಲೇ ಎದೆ ಸೆಟೆಸಿ ಹೇಳಿದೆ:

"ನನಗೆ ಬಿಡಿ ಸಾರ್. ಒಬ್ಬರನ್ನೇ ಕೂರಿಸಿಕೊಂಡು ಹೇಳಿಕೊಟ್ಟರೆ ಕತ್ತೆಯೂ ಪಾಸಾಗುತ್ತೆ!"

ಕತ್ತೆ ಅಂದದ್ದು ಯಾರಿಗೆ ಎಂಬುದು ಆಮೇಲೆ ಹೊಳೆಯಿತು. ಸಾಹೇಬರು ಅದು ಕೇಳಿಸದವರಂತೆ ಟ್ಯೂಷನ್‌ಗೆ ಒಪ್ಪಿಬಿಟ್ಟರು. ಅವರೇ ಪಾಠಕ್ಕೆ ಕೂತರೆ ಸಿಟ್ಟು ಬಂದು ಸ್ಕೇಲು ಮುರಿಯುತ್ತಿತ್ತು. ಮಂಜುಳಳಿಗೋ ಹಾಸನದಲ್ಲಿ ಪಿಯುಸಿ ಸೈನ್ಸ್ ಓದುವ ಆಸೆ. ಗಣಿತ ಹೋದರೆ ಅದೂ ಹೋದಂತೆ.

ಮೊದಲು ಇಂಗ್ಲಿಷ್ ಹಿಡಿದೆವು, ಎರಡೇ ದಿನಕ್ಕೆ ಮುಗಿಯಿತು. ನನಗೆ ಬರುತ್ತಿದ್ದ ಇಂಗ್ಲಿಷ್ ಎಂದರೆ ರಜೆ ಅರ್ಜಿ, ಅದೂ ಹೊಟ್ಟೆನೋವಿನದು ಮಾತ್ರ. ಆಮೇಲೆ ಗಣಿತ ತೆರೆದೆವು. ಒಂದು ನಲ್ಲಿ ತೊಟ್ಟಿಯನ್ನು ಎರಡು ಗಂಟೆಯಲ್ಲಿ ತುಂಬುತ್ತದೆ, ಇನ್ನೊಂದು ಮೂರು ಗಂಟೆಯಲ್ಲಿ ಖಾಲಿ ಮಾಡುತ್ತದೆ. ಎರಡನ್ನೂ ಬಿಟ್ಟರೆ ತೊಟ್ಟಿ ತುಂಬಲು ಎಷ್ಟು ಹೊತ್ತು?

"ಮೂರರಲ್ಲಿ ಎರಡು ಹೋದರೆ ಒಂದು. ಒಂದು ಗಂಟೆ!" ಎಂದೆ.

"ಪುಸ್ತಕದ ಹಿಂದೆ ಆರು ಅಂತ ಐತೆ ಸಾ."

"ಅಚ್ಚಿನ ತಪ್ಪು."

"ಬರೀ ತುಂಬೋಕೇ ಎರಡು ಗಂಟೆ ಬೇಕಲ್ಲ ಸಾ? ಕೆಳಗೆ ಸೋರ್ತಾ ಇದ್ರೆ ಒಂದೇ ಗಂಟೇಲಿ ಎಂಗೆ ತುಂಬುತ್ತೆ?"

ಮಾನವಂತರು ಅಲ್ಲಿಗೇ ಪುಸ್ತಕ ಮುಚ್ಚುತ್ತಿದ್ದರು. ನಾನು ಮುಚ್ಚಲಿಲ್ಲ. ನೀರಾವರಿಯವನಿಗೇ ನೀರಿನ ಪಾಠವೇ! ಕ್ವಾರ್ಟರ್ಸಿನ ಹಿಂದೆ ಎಂಟು ಮನೆಗೆ ಸೇರಿ ಒಂದು ಸಿಮೆಂಟ್ ತೊಟ್ಟಿಯಿತ್ತು. ಬೆಳಿಗ್ಗೆ ಐದರಿಂದ ಏಳರವರೆಗೆ ನೀರು ಬಿಟ್ಟರೆ ಸರಿಯಾಗಿ ತುಂಬುತ್ತಿತ್ತು. ತೊಳೆಯುವಾಗ ತಳದ ವಾಲ್ವ್ ತೆಗೆದರೆ ಮೂರು ಗಂಟೆಗೆ ಖಾಲಿ. ಪುಸ್ತಕದ ತೊಟ್ಟಿಯೇ! ಬೆಳಿಗ್ಗೆ ಕಣ್ಣಾರೆ ತೋರಿಸುತ್ತೇನೆ ಎಂದು ಮಂಜುಳಳಿಗೆ ಸವಾಲು ಹಾಕಿ ಬಂದೆ.

"ನಾಳೆ ಯುಗಾದಿ ಕಣ್ರೀ. ಎಂಟೂ ಮನೆಯೋರು ತಲೆಗೆ ಎಣ್ಣೆ ಒತ್ಕೊಂಡು ಕೂತಿರ್ತಾರೆ. ತೊಟ್ಟಿ ತಂಟೆಗೆ ಓಗ್ಬ್ಯಾಡಿ," ಎಂದಳು ನನ್ನ ಹೆಂಡತಿ ಸರೋಜ.

"ಆರಕ್ಕೆಲ್ಲ ತುಂಬಿರುತ್ತೆ, ವಾಲ್ವ್ ಮುಚ್ಚಿಬಿಡ್ತೀನಿ!"

ಐದಕ್ಕೆ ಖಾಲಿ ತೊಟ್ಟಿಗೆ ನೀರು ಬರತೊಡಗಿದಾಗ ತಳದ ವಾಲ್ವ್ ತೆಗೆದೆ. ಆರಕ್ಕೆ ಮಂಜುಳ ನೋಟ್‌ಬುಕ್ ಸಮೇತ ಬಂದು ಇಣುಕಿದಳು. ನೀರು ಮೊಣಕಾಲಿಗೂ ಬರುವಂತಿರಲಿಲ್ಲ.

"ಇವತ್ತು ಹಬ್ಬ ನೋಡು, ನೀರಿನ ರಭಸ ಕಮ್ಮಿ. ಇನ್ನೊಂದು ಗಂಟೆ ಬಿಡೋಣ," ಎಂದು ಗಂಭೀರವಾಗಿ ಹೇಳಿ ಮನೆಗೆ ಬಂದೆ. ಸರೋಜ ನೆತ್ತಿಗೆ ಹರಳೆಣ್ಣೆ ತಟ್ಟಿದಳು. ಹಾಯಾಗಿ ಕಣ್ಣು ಮುಚ್ಚಿತು. ವಾಲ್ವ್ ತೆರೆದೇ ಇತ್ತು!

ಎಂಟು ಗಂಟೆಗೆ ಹಿತ್ತಲಲ್ಲಿ ಗಲಾಟೆ. ಓಡಿ ನೋಡಿದರೆ ಎಂಟೂ ಮನೆಯವರು ಎಣ್ಣೆ ಸುರಿಸುತ್ತಾ, ಬಿಂದಿಗೆ ಹಿಡಿದು ಒಣಗಿದ ತೊಟ್ಟಿಯ ಸುತ್ತ ನಿಂತಿದ್ದಾರೆ. ನಡುವೆ ಸೊಂಟಕ್ಕೆ ಟವೆಲ್ ಸುತ್ತಿದ ಸಾಹೇಬರು. ಮೀಸೆಯಿಂದಲೂ ಎಣ್ಣೆ!

ನೀರು ಬಿಡುವ ನಂಜಪ್ಪ ಕೈಮುಗಿದು ಗೋಗರೆಯುತ್ತಿದ್ದ. "ಏಳರಗಂಟ ಬಿಟ್ಟಿವ್ನಿ ಕಣ್ ಸಾ, ನಮ್ಮಪ್ಪನಾಣೆ! ಎಲ್ಲೋಯ್ತೋ ಕಾಣೆ!"

ಅವನ ಮುಖ ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. "ತಪ್ಪು ನಂದು ಸಾರ್," ಎಂದೆ.

ಸಾಹೇಬರು ಬಾಯಿ ತೆರೆಯುವ ಮೊದಲೇ ಮಂಜುಳ ಸೀಮೆಸುಣ್ಣ ಹಿಡಿದು ತೊಟ್ಟಿಯ ಗೋಡೆ ಮೇಲೆ ಬರೆಯತೊಡಗಿದಳು. "ಗಂಟೆಗೆ ಅರ್ಧ ತೊಟ್ಟಿ ಬತ್ತದೆ, ಮೂರನೇ ಒಂದು ಪಾಲು ಓಯ್ತದೆ. ಉಳಿಯೋದು ಆರನೇ ಒಂದೇ ಕಣಪ್ಪ. ಅದಕ್ಕೇ ತುಂಬೋಕೆ ಆರು ಗಂಟೆ ಬೇಕು. ಏಳಕ್ಕೆ ನೀರು ನಿಂತಾಗ ಮೂರನೇ ಒಂದು ಇತ್ತು. ಎಂಟಕ್ಕೆ ಅದೂ ಖಾಲಿ!"

ಸಾಹೇಬರು ಎಣ್ಣೆ ಕಣ್ಣಿಗಿಳಿದರೂ ಒರೆಸಿಕೊಳ್ಳದೆ ಮಗಳನ್ನೇ ನೋಡುತ್ತಿದ್ದರು. ಆಮೇಲೆ ನನ್ನತ್ತ ತಿರುಗಿದರು.

"ಟ್ಯೂಷನ್ ನಿಲ್ಲಿಸಬೇಡಿ ಕಣ್ರೀ. ಇನ್ಮೇಲೆ ಅವಳು ಹೇಳಿಕೊಡ್ಲಿ, ನೀವು ಕೂತ್ಕೊಂಡು ಕಲೀರಿ!"

ಆ ಯುಗಾದಿ ನಾವೆಲ್ಲ ಎಣ್ಣೆ ತಲೆಯಲ್ಲೇ ನದಿಗೆ ನಡೆದೆವು. ದಾರಿಯುದ್ದಕ್ಕೂ ಜನ ಬಾಗಿಲಿಗೆ ಬಂದು ನೋಡಿದರು.

ಮರುದಿನದಿಂದ ಪರೀಕ್ಷೆಯವರೆಗೂ ಮಂಜುಳ ನನಗೆ ಪಾಠ ಮಾಡಿದಳು. ಒಂದೊಂದು ಲೆಕ್ಕವನ್ನೂ ನಾಲ್ಕು ಸಲ ಹೇಳಬೇಕಾಗುತ್ತಿತ್ತು. ನಾಲ್ಕನೇ ಸಲಕ್ಕೆ ಅವಳಿಗೆ ಬಾಯಿಪಾಠ, ನನಗೆ ತಲೆನೋವು! ಕೊನೆಗೆ ಅವಳು ಗಣಿತದಲ್ಲಿ ಎಪ್ಪತ್ತೊಂದು ತೆಗೆದು ಪಾಸಾದಳು. ಖುಷಿಗೆ ನನ್ನ ಕಣ್ಣು ತುಂಬಿತು.

ಸಾಹೇಬರ ಮನೆಯಲ್ಲಿ ಮೈಸೂರು ಪಾಕ್ ಹಂಚಿದರು. ಹಾಸನದಿಂದ ಬಂದಿದ್ದ ಅವರ ಭಾವಮೈದುನ ನನ್ನ ಕೈ ಕುಲುಕಿ, "ನಮ್ಮ ಮಂಜುಳಂಗೆ ಟ್ಯೂಷನ್ ಹೇಳಿಕೊಟ್ಟ ಮೇಷ್ಟ್ರು ನೀವೇನಾ?" ಎಂದರು.

ನಾನು ಕಾಲರ್ ಸರಿಮಾಡಿಕೊಂಡೆ.

"ಅಲ್ಲ ಕಣಯ್ಯಾ," ಎಂದರು ಸಾಹೇಬರು, "ಇವರು ಅವಳ ಸ್ಟೂಡೆಂಟು."